ತೆನಾಲಿ ರಾಮನ ಬೆಕ್ಕು

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಒಳಲೆ ಇತ್ತು. ಒಳಲೆ ಅಂದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಅಂಗೈ ತುಂಬುವಷ್ಟು ಪುಟ್ಟ ಬಟ್ಟಲು, ಒಂದು ಕಡೆಗೆ ಹಕ್ಕಿಯ ಕೊಕ್ಕಿನಂಥ ಮೂತಿ. ಕೂಸನ್ನು ಚಾಚಿದ ಕಾಲುಗಳ ಮೇಲೆ ಅಂಗಾತ ಮಲಗಿಸಿಕೊಂಡು ಆ ಮೂತಿಯನ್ನು ಬಾಯಿಗಿಟ್ಟರೆ ಹರಳೆಣ್ಣೆಯಾಗಲಿ, ಬಜೆ ತೇದ ನೀರಾಗಲಿ, ಹಾಲಾಗಲಿ ಒಳಗೆ ಹೋಗದೆ ಬೇರೆ ದಾರಿ ಇರುತ್ತಿರಲಿಲ್ಲ. ಮಾತು ಬರುವ ಹೊತ್ತಿಗೆ ಮಕ್ಕಳು ಒಳಲೆ ಬಿಡುತ್ತಿದ್ದವು. ನಾನು ಐದು ತುಂಬಿದ ಮೇಲೂ ಅಜ್ಜಿಯ ಕಾಲ ಮೇಲೆ ಒಳಲೆಯಲ್ಲಿ ಹಾಲು ಕುಡಿದವಳು. ಅಜ್ಜಿ ಮೂಗು ಹಿಡಿಯುತ್ತಿದ್ದಳು, ಚಿಕ್ಕಮ್ಮ ಕಾಲು ಹಿಡಿಯುತ್ತಿದ್ದಳು, ಅವ್ವ ಒಳಲೆ ಹಿಡಿಯುತ್ತಿದ್ದಳು. ಅರ್ಧ ಹಾಲು ನನ್ನ ಹೊಟ್ಟೆಗೆ, ಉಳಿದರ್ಧ ಅಜ್ಜಿಯ ಸೀರೆಗೆ.

ಹೊಟ್ಟೆಗೆ ಹೋದ ಅರ್ಧವೂ ಸುಮ್ಮನಿರುತ್ತಿರಲಿಲ್ಲ. ಗಳಿಗೆ ಕಳೆಯುವುದರೊಳಗೆ ಒಳಗೆ ಗುಡುಗು ಶುರುವಾಗಿ, ಹೊಟ್ಟೆ ತಮಟೆಯಂತೆ ಉಬ್ಬಿ, ನಾನು ಹಿತ್ತಲಿಗೆ ಓಡುತ್ತಿದ್ದೆ. ಕೂಸಿದ್ದಾಗ ಚೆನ್ನಾಗಿಯೇ ಕುಡಿಯುತ್ತಿದ್ದೆನಂತೆ. ನಾಲ್ಕೈದು ವರ್ಷಕ್ಕೆ ಇದ್ದಕ್ಕಿದ್ದಂತೆ ಹೀಗಾಯಿತು ಅಂದರೆ ದೃಷ್ಟಿಯಲ್ಲದೆ ಇನ್ನೇನು? ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಮರುದಿನ ಮತ್ತೆ ಒಳಲೆ, ಮತ್ತೆ ಹಿತ್ತಲು.

ಹಾಲಿಲ್ಲದ ಮನೆಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಹುಟ್ಟಿದ್ದು 1953ರಲ್ಲಿ, ತಿಪಟೂರಿನಿಂದ ಆರು ಮೈಲಿ ಒಳಗಿದ್ದ ಹಳ್ಳಿಯಲ್ಲಿ. ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಎಮ್ಮೆ. ಬೆರಣಿಯ ಕೆಂಡದ ಮೇಲೆ ಮಣ್ಣಿನ ಗಡಿಗೆಯಲ್ಲಿ ಹಾಲು ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದು ಕೆಂಪಗಾಗುತ್ತಿತ್ತು, ಮೇಲೆ ಬೆರಳು ದಪ್ಪದ ಕೆನೆ. ಹೊಗೆ, ಬೆರಣಿ, ಕೆನೆ ಮೂರೂ ಸೇರಿದ ಆ ವಾಸನೆಗೆ ಊರಿನ ಬೆಕ್ಕುಗಳೆಲ್ಲ ನಮ್ಮ ನೆಲುವಿನ ಕೆಳಗೆ ಬಂದು ಕೂರುತ್ತಿದ್ದವು. ನನಗೆ ಮಾತ್ರ ಆ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ರಜೆಗೆ ಬಂದಿದ್ದ ಸೋದರಮಾವ ಒಂದು ದಿನ ಈ ತಮಾಷೆ ನೋಡಿ, ‘ಇವಳು ತೆನಾಲಿ ರಾಮನ ಬೆಕ್ಕು ಕಣೇ, ಹಾಲು ಕಂಡ್ರೆ ಓಡ್ತಾಳೆ’ ಅಂದರು. ಹೆಸರು ಅಂಟಿಕೊಂಡಿತು. ಮದುವೆಯಾಗಿ ಊರು ಬಿಡುವವರೆಗೂ ನಾನು ಬೆಕ್ಕೇ ಆಗಿದ್ದೆ.

ಹಸುವಿನ ಹಾಲು ಒಗ್ಗದಿದ್ದರೆ ಬೇರೆ ಹಾಲು ಒಗ್ಗೀತು ಎಂದು ತಾತ ಹೊರಟರು. ಎಮ್ಮೆಯ ಹಾಲಿಗೆ ನೀರು ಬೆರೆಸಿದ್ದಾಯಿತು. ಮೇಕೆ ಹಾಲು ಕರೆಸಿದ್ದಾಯಿತು. ಕೊನೆಗೆ ಒಂದು ಬೆಳಗ್ಗೆ ‘ಕತ್ತೆ ಹಾಲೋ ಕತ್ತೆ ಹಾಲು’ ಎಂದು ಕೂಗುತ್ತಾ ಮರಿಯ ಸಮೇತ ಕತ್ತೆ ಹೊಡೆದುಕೊಂಡು ಬಂದವನನ್ನು ಜಗುಲಿಗೇ ಕರೆದರು. ನಮ್ಮ ಕಣ್ಣೆದುರೇ ಕರೆದು ಒಂದು ಒಳಲೆ ಕೊಟ್ಟ, ನಾಲ್ಕಾಣೆ ಇಸಕೊಂಡ. ಆ ಕಾಲಕ್ಕೆ ಒಂದು ಸೇರು ಹಸುವಿನ ಹಾಲು ಎಂಟಾಣೆಗೆ ಸಿಗುತ್ತಿತ್ತು, ಇದು ಒಂದು ಗುಟುಕಿಗೆ ನಾಲ್ಕಾಣೆ! ನೀರು ನೀರಾಗಿ ಸಿಹಿಯಾಗಿತ್ತು. ಆ ಸಿಹಿಯೇ ನನ್ನ ಶತ್ರು ಎಂದು ಯಾರಿಗೆ ಗೊತ್ತಿತ್ತು? ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ, ಅದನ್ನು ಒಡೆಯುವ ಕಿಣ್ವ ಕೂಸಿನ ಕರುಳಿನಲ್ಲಿ ಧಾರಾಳವಾಗಿದ್ದು, ಬೆಳೆದಂತೆಲ್ಲ ಜಗತ್ತಿನ ಹೆಚ್ಚು ಪಾಲು ಜನರಲ್ಲಿ ಕಡಿಮೆಯಾಗುತ್ತದೆ, ಹಸು ಎಮ್ಮೆ ಮೇಕೆ ಕತ್ತೆ ಎಲ್ಲದರ ಹಾಲಿನಲ್ಲೂ ಇರುವುದು ಅದೇ ಸಕ್ಕರೆ ಎಂದು ನಾನು ತಿಳಿದದ್ದು ಐವತ್ತು ದಾಟಿದ ಮೇಲೆ. ಕತ್ತೆ ಹಾಲಿನಲ್ಲಂತೂ ಹಸುವಿನ ಹಾಲಿಗಿಂತ ಅದು ಹೆಚ್ಚೇ ಇರುತ್ತದೆ. ತಾತನ ನಾಲ್ಕಾಣೆ ಕೂಡ ಹಿತ್ತಲಿಗೇ ಹೋಯಿತು.

ಮನೆಯಿಂದ ತಪ್ಪಿಸಿಕೊಂಡೆ ಅನ್ನುವಷ್ಟರಲ್ಲಿ ಶಾಲೆಯಲ್ಲಿ ಹಾಲು ಬಂತು. 1962ರ ಸುಮಾರು. ಅಮೆರಿಕದಿಂದ ಬಂದ ಹಾಲಿನ ಪುಡಿಯನ್ನು ದೊಡ್ಡ ಹಂಡೆಯಲ್ಲಿ ಕದಡಿ ಕಾಯಿಸಿ ಸಾಲಾಗಿ ಕೂರಿಸಿ ಕೊಡುತ್ತಿದ್ದರು. ಮನೆಯಿಂದ ಲೋಟ ತರಬೇಕಿತ್ತು. ತಳ ಹಿಡಿದ ವಾಸನೆ, ಮೇಲೆ ತೇಲುವ ಪುಡಿಯ ಗಂಟು. ಆ ಗಂಟುಗಳನ್ನು ಹುಡುಗರು ಬೆರಳಿನಲ್ಲಿ ತೆಗೆದು ಪೇಡದಂತೆ ಚಪ್ಪರಿಸುತ್ತಿದ್ದರು. ಮೇಷ್ಟ್ರು ಕೋಲು ಹಿಡಿದು ನಿಲ್ಲುತ್ತಿದ್ದರು, ಚೆಲ್ಲುವ ಹಾಗಿರಲಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯ ಮನೆಯಲ್ಲಿ ಹಸುವಿರಲಿಲ್ಲ. ಮೇಷ್ಟ್ರು ಆ ಕಡೆ ತಿರುಗಿದಾಗ ನನ್ನ ಲೋಟ ಅವಳ ಕೈಗೆ, ಅವಳ ಬರೀ ಲೋಟ ನನ್ನ ಕೈಗೆ. ಬದಲಿಗೆ ಅವಳು ಕೊಡುತ್ತಿದ್ದುದು ಹುಣಿಸೆಹಣ್ಣು, ಉಪ್ಪು, ಜೀರಿಗೆ ಕುಟ್ಟಿ ಕಡ್ಡಿಗೆ ಚುಚ್ಚಿದ ಉಂಡೆ. ಆಗ ನಾನು ಬಹಳ ಜಾಣೆ ಎಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಲಾಭವಾದದ್ದು ಅವಳಿಗೇ.

‘ಹಾಲು ಕುಡೀದ ಹೆಣ್ಣುಕೂಸಿನ ಮೂಳೆ ಗಟ್ಟಿಯಾಗೋದೆಂಗೆ? ನಾಳೆ ಹೆರಿಗೆ ಆಗಬೇಕಲ್ವಾ?’ ಎನ್ನುವುದು ಅವ್ವನ ಚಿಂತೆ. ಅಜ್ಜಿ ಅಷ್ಟರಲ್ಲಿ ಒಳಲೆಯನ್ನು ಅಟ್ಟಕ್ಕೆ ಎತ್ತಿಟ್ಟಿದ್ದಳು. ‘ರಾಗಿ ತಿನ್ನೋ ಮೂಳೆ ಮುರಿಯಲ್ಲ ಬಿಡೇ’ ಅಂದಳು. ಇದು ಅವಳು ಯೋಚಿಸಿ ಹೇಳಿದ ಮಾತಲ್ಲ. ಮನೆಯಲ್ಲಿ ರಾಗಿ ಬಿಟ್ಟರೆ ಕೊಡಲು ಇನ್ನೇನೂ ಇರಲಿಲ್ಲ, ಅಷ್ಟೆ.

ರಾಗಿ ಇರುತ್ತಿದ್ದದ್ದು ಹಗೇವಿನಲ್ಲಿ. ಕಣದ ಮೂಲೆಯಲ್ಲಿ ನೆಲದೊಳಗೆ ತೋಡಿದ ಗುಡಾಣದಂಥ ಗುಂಡಿ, ಒಬ್ಬರು ಇಳಿಯುವಷ್ಟು ಬಾಯಿ, ಅದಕ್ಕೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಿದ್ದರು. ತೆರೆದ ದಿನ ಒಳಗಿನಿಂದ ಬಿಸಿ ಹಬೆಯ ಜೊತೆ ಹುಳಿ ಹುಳಿಯಾದ ಒಂದು ಕಮಟು ಬರುತ್ತಿತ್ತು. ಅರ್ಧ ದಿನ ಹಾಗೇ ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಮೂರು ನಾಲ್ಕು ವರ್ಷದ ರಾಗಿಗೂ ಹುಳ ಬಿದ್ದಿರುತ್ತಿರಲಿಲ್ಲ. ಕೊಂಡು ತಿನ್ನುವವರಿಗೆ ಸೇರಿಗೆ ಆರಾಣೆ. ಕೋಳಿ ಕೂಗುವ ಹೊತ್ತಿಗೆ ಅವ್ವ, ಚಿಕ್ಕಮ್ಮ ಎದುರುಬದುರು ಕೂತು ಬೀಸುತ್ತಿದ್ದರು. ಬೀಸುಕಲ್ಲಿನ ಸುತ್ತ ಬೀಳುವ ಹಿಟ್ಟಿಗೆ ಕಲ್ಲಿನ ಬಿಸಿಯೂ ಸೇರಿ ಒಂದು ಹುರಿದ ಘಮ ಇರುತ್ತಿತ್ತು. ಒಂದರಿಯಲ್ಲಿ ಮೇಲೆ ಮೇಲೆ ಆಡಿಸಿ ಒರಟು ತೌಡು ಮಾತ್ರ ತೆಗೆಯುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಸೇರಿಗೆ ಮೂರು ಪೈಸೆ ಅಂದರು. ಅವ್ವ ಒಂದೇ ವಾರಕ್ಕೆ ಬೀಸುಕಲ್ಲನ್ನು ಕೊಟ್ಟಿಗೆಗೆ ಉರುಳಿಸಿದಳು. ಬೀಸುವ ಪದಗಳ ಬಗ್ಗೆ ಈಗ ಬರೆಯುವವರು ಒಂದು ಬೆಳಗ್ಗೆ ಎರಡು ಸೇರು ಬೀಸಿ ನೋಡಲಿ.

ನನಗೆಂದೇ ಬೇರೆ ಮಾಡುತ್ತಿದ್ದುದು ಮೊಳಕೆ ರಾಗಿಯ ಹಿಟ್ಟು. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಒರಳುಕಲ್ಲಿನ ಗುಂಡು ಹೇರಿಡುತ್ತಿದ್ದಳು ಅಜ್ಜಿ. ಎರಡನೇ ದಿನಕ್ಕೆ ಬಟ್ಟೆಯ ಸಂದಿನಿಂದ ಬಿಳಿ ಬೇರು ಹಣಕುತ್ತಿತ್ತು. ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಕಬ್ಬಿಣದ ಬಾಣಲೆಯಲ್ಲಿ ಹದವಾಗಿ ಹುರಿದು ಬೀಸಿದರೆ ಮುಗಿಯಿತು. ಆ ಹಿಟ್ಟನ್ನು ನೀರಲ್ಲಿ ಕಾಯಿಸಿ ಬೆಲ್ಲ, ಏಲಕ್ಕಿ, ಮೇಲೊಂದು ಹಿಡಿ ಕಾಯಿಯ ಹಾಲು. ಹಸಿ ರಾಗಿಯಲ್ಲಿ ಸುಣ್ಣ (ಕ್ಯಾಲ್ಸಿಯಂ), ಕಬ್ಬಿಣಗಳನ್ನು ಕಟ್ಟಿಹಾಕಿರುವ ಫೈಟೇಟ್ ಎಂಬುದು ಮೊಳಕೆ ಬರಿಸಿದಾಗ ಕಡಿಮೆಯಾಗುತ್ತದೆ, ಆಗ ಅವು ಮೈಗೆ ಚೆನ್ನಾಗಿ ಹತ್ತುತ್ತವೆ. ಅಜ್ಜಿಗೆ ಇದು ಗೊತ್ತಿರಲಿಲ್ಲ. ಮೊಳಕೆ ಬಂದರೆ ಸಿಹಿಯಾಗುತ್ತದೆ, ಬೆಲ್ಲ ಉಳಿಯುತ್ತದೆ ಎಂಬುದು ಅವಳ ಲೆಕ್ಕ.

ಹಸುವನ್ನು ಬಿಟ್ಟು ನಮ್ಮ ಮಾತಿನಲ್ಲಿ ಎಷ್ಟೊಂದು ಹಾಲುಗಳಿದ್ದವು! ತೆನೆ ಹಾಲುಗಟ್ಟುತ್ತಿತ್ತು. ಕಾಯಿ ಹಿಂಡಿದರೆ ಹಾಲು, ನೆನೆದ ರಾಗಿ ರುಬ್ಬಿ ಹಿಂಡಿದರೆ ಹಾಲು, ಗಸಗಸೆ ಅರೆದರೆ ಹಾಲು. ರಾಗಿಹಾಲಿಗೆ ಕಾಯಿಹಾಲು ಬೆಲ್ಲ ಹಾಕಿ ತಳ ಬಿಡುವವರೆಗೆ ಮಗುಚಿ, ತುಪ್ಪ ಸವರಿದ ತಟ್ಟೆಗೆ ಸುರಿದು ಕುಯ್ದರೆ ಹಾಲುಬಾಯಿ. ಅಷ್ಟು ಹಾಲಿನ ಹೆಸರಿಟ್ಟುಕೊಂಡಿದ್ದರೂ ಅದರಲ್ಲಿ ಹಸುವಿನ ಹಾಲು ಒಂದು ತೊಟ್ಟೂ ಇರುತ್ತಿರಲಿಲ್ಲ. ನಾನು ಆರು ತುಂಡು ತಿಂದು ಏಳನೆಯದಕ್ಕೆ ಕೈ ಹಾಕಿದಾಗ ಚಿಕ್ಕಮ್ಮ, ‘ಬೆಕ್ಕು ಈಗ ಹಾಲು ಕುಡೀತು’ ಎಂದು ಅಣಕಿಸುತ್ತಿದ್ದಳು.

ಸೊಪ್ಪಿನ ವಿಷಯ ಹೇಳದಿದ್ದರೆ ಅವ್ವನ ಆತ್ಮ ಮುನಿಸಿಕೊಂಡೀತು. ಮಳೆ ಬಿದ್ದು ಹದಿನೈದು ದಿನಕ್ಕೆ ಹೊಲದ ಕಳೆ ತೆಗೆಯಲು ಹೋದವರು ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದರು: ಅಣ್ಣೆ, ಕನ್ನೆ, ಗೋಣಿ, ಹೊನಗೊನೆ, ಜೊತೆಗೆ ಹೆಸರೇ ಗೊತ್ತಿಲ್ಲದ ಇನ್ನೆರಡು. ಹುರುಳಿಕಾಳಿನ ಜೊತೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ಅರೆದು ಹಾಕಿ ಬಸ್ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ನುಗ್ಗೆ ಸೊಪ್ಪಂತೂ ಹಿತ್ತಲ ಬೇಲಿಯಲ್ಲೇ. ನೆಂಟರು ಬಂದ ದಿನ ಮಾತ್ರ ಸೊಪ್ಪಿನ ಸಾರು ಮಾಡುತ್ತಿರಲಿಲ್ಲ, ಅದು ಬಡತನದ ಅಡುಗೆ ಎಂದು. ನೆಂಟರು ಬಂದರೆ ಅನ್ನ, ತಿಳಿಸಾರು, ಹಪ್ಪಳ. ನೆಂಟರು ಹೆಚ್ಚು ಬರಲಿ ಎಂದು ನಾನು ದಿನಾ ಸಂಜೆ ಬಸ್ಸು ಬರುವ ದಾರಿ ಕಾಯುತ್ತಿದ್ದೆ.

ಎಳ್ಳಿನದು ಇನ್ನೊಂದು. ಪಂಚಮಿಗೆ ಕರಿ ಎಳ್ಳು ಹುರಿದು, ಬೆಲ್ಲ ಸೇರಿಸಿ ಒರಳಿನಲ್ಲಿ ಒನಕೆಯಿಂದ ಕುಟ್ಟಿ ಎಣ್ಣೆ ಬಿಡುವ ಹೊತ್ತಿಗೆ ಉಂಡೆ ಕಟ್ಟುತ್ತಿದ್ದರು. ಅದು ಚಿಗಳಿ. ಮೈನೆರೆದ ಹುಡುಗಿಯರಿಗೂ ಅದನ್ನೇ ಕೊಡುತ್ತಿದ್ದರು. ನನ್ನ ಸರದಿ ಬಂದಾಗ ಹದಿನಾರು ದಿನ ಚಿಗಳಿ ತಿಂದು ತಿಂದು ಎಳ್ಳೆಣ್ಣೆಯ ವಾಸನೆ ನನ್ನ ಬೆವರಿನಲ್ಲೇ ಬರುತ್ತಿತ್ತು. ಹುಚ್ಚೆಳ್ಳಿನ ಪುಡಿ ಮಾತ್ರ ವರ್ಷವಿಡೀ. ಮುದ್ದೆಗೆ ಗುಳಿ ಮಾಡಿ, ಪುಡಿ ಹಾಕಿ, ಮೇಲೆ ಎಣ್ಣೆ ಬಿಟ್ಟುಕೊಂಡರೆ ಸಾರೂ ಬೇಕಿರಲಿಲ್ಲ. ಸಂಕ್ರಾಂತಿಯ ಎಳ್ಳನ್ನು ಮಾತ್ರ ನೆನೆಸಿ, ಗೋಣಿಚೀಲದ ಮೇಲೆ ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು, ನೋಡಲು ಚೆಂದ ಎಂದು. ಎಳ್ಳಿನ ಸುಣ್ಣದ ದೊಡ್ಡ ಪಾಲು ಇರುವುದು ಅದರ ಸಿಪ್ಪೆಯಲ್ಲಿ. ಅದು ಚೀಲಕ್ಕೆ ಅಂಟಿ ಹೋಗುತ್ತಿತ್ತು.

ಹಾಗೆಂದು ಆ ಕಾಲದಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು ಎಂದು ನಿಮ್ಮನ್ನು ಏಮಾರಿಸಲಾರೆ. ನಮ್ಮ ಹೊಲದಲ್ಲಿ ಕೂಲಿಗೆ ಬರುತ್ತಿದ್ದವರ ಇಬ್ಬರು ಮಕ್ಕಳಿಗೆ ಇರುಳುಗಣ್ಣು. ದೀಪ ಹಚ್ಚುವ ಹೊತ್ತಾದರೆ ಗೋಡೆ ಸವರಿಕೊಂಡು ನಡೆಯುತ್ತಿದ್ದವು. ನಾವು ಅವರನ್ನು ಹಿಂದಿನಿಂದ ಮುಟ್ಟಿ ಓಡಿಹೋಗಿ ನಗುತ್ತಿದ್ದೆವು, ನಾನೂ ನಗುತ್ತಿದ್ದೆ. ಎ ಜೀವಸತ್ವವಿಲ್ಲದೆ ಹಾಗಾಗುತ್ತದೆ ಎಂದೂ, ಬೇಲಿಯ ನುಗ್ಗೆ ಸೊಪ್ಪೇ ಅದನ್ನು ತಡೆಯಬಹುದಿತ್ತೆಂದೂ ಊರಿನಲ್ಲಿ ತಿಳಿದವರಿರಲಿಲ್ಲ. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಚಮಚೆಯಲ್ಲಿ ಎ ಜೀವಸತ್ವದ ಔಷಧಿ ಕುಡಿಸುವುದು ದೇಶದಲ್ಲಿ ಶುರುವಾದದ್ದೇ 1970ರಲ್ಲಿ. ನನಗೂ ಪ್ರತಿ ಚಳಿಗಾಲ ಬಾಯಿಯ ಎರಡೂ ಕೊನೆ ಸೀಳಿ ಹುಣ್ಣಾಗುತ್ತಿತ್ತು, ನಕ್ಕರೆ ರಕ್ತ. ಅಜ್ಜಿ ಬೆಣ್ಣೆ ಸವರುತ್ತಿದ್ದಳು. ಮುಂದೆ ಮೈಸೂರಿನಲ್ಲಿ ಒಬ್ಬ ಡಾಕ್ಟರು ನೋಡಿದ ಕೂಡಲೇ, ‘ಹಾಲು ಕುಡಿಯಲ್ವೇನಮ್ಮಾ?’ ಅಂದರು. ಹಾಲಿನಿಂದ ಸಿಗುವ ಬಿ2 ಜೀವಸತ್ವದ ಕೊರತೆಯಂತೆ. ಹಳದಿ ಮಾತ್ರೆ ಕೊಟ್ಟರು. ಹತ್ತು ದಿನಕ್ಕೆ ವಾಸಿಯಾಯಿತು.

ಮೈಸೂರಿಗೆ ಬಂದದ್ದು 1974ರಲ್ಲಿ, ಮದುವೆಯಾಗಿ. ಯಾದವಗಿರಿಯಲ್ಲಿ ತೊಂಬತ್ತು ರೂಪಾಯಿ ಬಾಡಿಗೆಯ ಮನೆ. ಮರುವರ್ಷ ಬಸುರಿಯಾದಾಗ, ದಿನಕ್ಕೆ ಅರ್ಧ ಲೀಟರು ಹಾಲು ಕುಡಿಯಲೇಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ದೇವರ ಗೂಡಿನಲ್ಲಿಟ್ಟು, ಬೆಳ್ಳಿ ಲೋಟ ತೊಳೆದರು. ‘ಅತ್ತೆಮ್ಮಾ, ನಂಗೆ ಒಗ್ಗಲ್ಲ’ ಅಂದೆ. ‘ಬಸುರಿ ಹೊಟ್ಟೆಗೆ ಎಲ್ಲಾ ಒಗ್ಗುತ್ತೆ’ ಅಂದರು. ಒಗ್ಗಲಿಲ್ಲ. ನಾಲ್ಕು ದಿನ ನನ್ನ ಅವಸ್ಥೆ ನೋಡಿ ಬೆಳ್ಳಿ ಲೋಟ ಒಳಗಿಟ್ಟರು.

ಆಗ ನಾದಿನಿ ಬೆಂಗಳೂರಿನಲ್ಲಿ ಗೃಹವಿಜ್ಞಾನ ಓದುತ್ತಿದ್ದಳು. ರಜೆಗೆ ಬಂದವಳು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪುಸ್ತಕ ತಂದಿದ್ದಳು, ನಮ್ಮ ದೇಶದ ಕಾಳುಕಡ್ಡಿ ಸೊಪ್ಪುಸದೆಯಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಪಟ್ಟಿ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವಳು ಓದಿದಳು, ನಾನು ಸೀಸದಕಡ್ಡಿಯಲ್ಲಿ ಪಂಚಾಂಗದ ಹಿಂದೆ ಬರೆದುಕೊಂಡೆ. ನೂರು ಗ್ರಾಮಿಗೆ ಕ್ಯಾಲ್ಸಿಯಂ, ಅಂದರೆ ಸುಣ್ಣ, ಹಸುವಿನ ಹಾಲಿನಲ್ಲಿ 120 ಮಿಲಿಗ್ರಾಂ. ಎಮ್ಮೆ ಹಾಲು 210. ಹುರುಳಿ 287. ರಾಗಿ 344. ನುಗ್ಗೆ ಸೊಪ್ಪು 440. ಎಳ್ಳು 1,450. ಅತ್ತೆ ಒಳಗಿನಿಂದ, ‘ಇನ್ನೊಂದ್ಸಲ ಓದು, ರಾಗೀದು’ ಅಂದರು. ಒಂದು ಮುದ್ದೆಗೆ ಏನಿಲ್ಲವೆಂದರೂ ನೂರು ಗ್ರಾಂ ಹಿಟ್ಟು ಬೇಕು, ನಾನು ದಿನಕ್ಕೆ ಎರಡು ಮುದ್ದೆಯವಳು. ಅಗಸೆ ಸೊಪ್ಪಿಗೆ 1,130 ಅಂತಿತ್ತು. ನಮ್ಮೂರಿನ ಎಲೆತೋಟದಲ್ಲಿ ಬಳ್ಳಿ ಹಬ್ಬಿಸಲು ನೆಟ್ಟಿದ್ದ ಅಗಸೆ ಮರದ ಸೊಪ್ಪೆಲ್ಲ ಮೇಕೆಗಳಿಗೆ ಹೋಗುತ್ತಿತ್ತು. ತಾತ ಸೊಪ್ಪನ್ನು ಮೇಕೆಗೆ ಹಾಕಿ, ಮೇಕೆಯ ಹಾಲನ್ನು ನನಗೆ ಕುಡಿಸಲು ಒದ್ದಾಡಿದ್ದರು!

ನಾದಿನಿ ಜಾಣೆ, ನನ್ನನ್ನು ಬೀಗಲು ಬಿಡಲಿಲ್ಲ. ಪಟ್ಟಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ ಅತ್ತಿಗೆ, ಕೆಲವು ಸೊಪ್ಪುಗಳಲ್ಲಿ ಆಕ್ಸಲೇಟ್ ಇದ್ದು ಸುಣ್ಣವನ್ನು ಬಿಟ್ಟುಕೊಡುವುದಿಲ್ಲ, ಎಳ್ಳನ್ನು ಯಾರೂ ನೂರು ಗ್ರಾಂ ತಿನ್ನುವುದಿಲ್ಲ ಅಂದಳು. ಬಿಸಿಲು ಬೀಳದ ಮೈಗೆ ಡಿ ಜೀವಸತ್ವವಿಲ್ಲ, ಅದಿಲ್ಲದೆ ತಿಂದ ಸುಣ್ಣ ದಂಡ ಎಂದೂ ಸೇರಿಸಿದಳು. ದಿನವೂ ಒಂದೊಂದಿಷ್ಟು ಎಲ್ಲವೂ ಇರಲಿ, ಮುದ್ದೆಯ ಜೊತೆ ಕಾಳು ತಪ್ಪದಿರಲಿ ಎಂದು ಹೇಳಿ ಪುಸ್ತಕ ಮುಚ್ಚಿದಳು. ಇಷ್ಟು ಹೇಳಲು ಕಾಲೇಜು ಬೇಕಿತ್ತೇ ಎಂದು ಅತ್ತೆ ನಕ್ಕರು. ಬೇಕಿತ್ತು ಅನ್ನಿಸುತ್ತದೆ ನನಗೆ. ಅವಳು ಓದದಿದ್ದರೆ ಬೆಳ್ಳಿ ಲೋಟ ಮತ್ತೆ ಹೊರಗೆ ಬರುತ್ತಿತ್ತು.

ನಮ್ಮ ಮನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಚೆಲುವಾಂಬ ವಿಲಾಸದ ಬಂಗಲೆ, 1950ರಿಂದ ಅದು ಆಹಾರ ಸಂಶೋಧನಾಲಯ, ಸಿಎಫ್‌ಟಿಆರ್‌ಐ. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅದಕ್ಕೂ ಮುಂಚೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸೋಯಾ ಹಾಲಿನ ಮೇಲೆ ಕೆಲಸ ಮಾಡಿದ್ದವರು. ದೇಶದಲ್ಲಿ ಹಾಲಿಗೆ ಬರವಿದ್ದ ಕಾಲ ಅದು. ಕಡಲೆಕಾಯಿಯ ಪ್ರೋಟೀನು ಸೇರಿಸಿ, ಇದ್ದ ಹಾಲನ್ನೇ ಹಿಗ್ಗಿಸುವ ‘ಮಿಲ್ಟೋನ್’ ಎಂಬ ಪಾನೀಯವನ್ನು ರೂಪಿಸಿದವರು ಅಲ್ಲಿಯವರು. ಯಜಮಾನರು ಎಲ್ಲಿಂದಲೋ ಒಂದು ಸೀಸೆ ತಂದು, ‘ತಗೋ, ಇದು ಕಡಲೆಕಾಯಿ ಹಾಲು’ ಅಂದರು. ರುಚಿಯಾಗಿತ್ತು, ಗಟಗಟ ಕುಡಿದೆ. ಅದರಲ್ಲಿ ಎಮ್ಮೆ ಹಾಲೂ ಇತ್ತು ಎನ್ನುವುದು ನನ್ನ ಹೊಟ್ಟೆಗೆ ನನಗಿಂತ ಮೊದಲು ತಿಳಿಯಿತು.

ಪಂಥ ಕಟ್ಟಿ ನಾನೇ ಮನೆಯಲ್ಲಿ ಅಪ್ಪಟ ಕಡಲೆಕಾಯಿ ಹಾಲು ತೆಗೆದೆ. ಬೀಜ ನೆನೆಸಿ, ಸಿಪ್ಪೆ ಸುಲಿದು, ಒರಳಲ್ಲಿ ನುಣ್ಣಗೆ ರುಬ್ಬಿ, ಬಿಳಿ ಪಂಚೆಯ ತುಂಡಿನಲ್ಲಿ ಹಿಂಡಿ, ಉಕ್ಕದಂತೆ ಕಾಯಿಸಿದೆ. ಬಣ್ಣ ಹಾಲೇ, ವಾಸನೆ ಮಾತ್ರ ಹಸಿ ಬೀಜದ್ದು. ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು, ‘ಇದಕ್ಕೆ ಇಷ್ಟೆಲ್ಲಾ ಯಾಕೆ, ಬೀಜ ಹುರಿದು ತಿನ್ನಬಾರದಾ?’ ಅಂದರು. ಉತ್ತರ ಹೊಳೆಯಲಿಲ್ಲ. ಅಂದಿನಿಂದ ಹುರಿದೇ ತಿಂದೆ. 1976ರಲ್ಲಿ ಹುಟ್ಟಿದ ಮಗ ಆರೂವರೆ ಪೌಂಡಿದ್ದ. ಅವನಿಗೂ ಆರು ತಿಂಗಳಿಗೇ ಅಜ್ಜಿಯ ಒಳಲೆ ಮೈಸೂರಿಗೆ ಬಂತು, ನೀರು ಬೆರೆಸಿದ ಹಸುವಿನ ಹಾಲು ಕುಡಿಸಿದರು. ಈಗಿನ ಡಾಕ್ಟರುಗಳು ವರ್ಷ ತುಂಬುವವರೆಗೆ ಎದೆಹಾಲಿನ ಬದಲು ಹಸುವಿನ ಹಾಲು ಕೊಡಬೇಡಿ, ಬಾದಾಮಿ ಗೀದಾಮಿ ಹಾಲಂತೂ ಬೇಡವೇ ಬೇಡ ಅನ್ನುತ್ತಾರೆ. ಆ ಒಳಲೆಯನ್ನು ನಾನು 1990ರಲ್ಲಿ ಹಳೇ ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಂಡೆ. ಡಬ್ಬಿ ಈಗಲೂ ಇದೆ.

ಇಷ್ಟೆಲ್ಲ ಓದಿ, ರಾಗಿ ತಿಂದು ನಾನು ಗೆದ್ದೆ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಕೂಟ ಮಾಡಿ ತೆಗೆದ ಇಂಡಾಫ್ ತಳಿಗಳ ಬಗ್ಗೆ ಸ್ತ್ರೀ ಸಮಾಜದಲ್ಲಿ ಭಾಷಣ ಮಾಡುವಷ್ಟು ರಾಗಿ ಪಂಡಿತೆಯಾಗಿದ್ದೆ. ಹಾಲೆಂದರೆ ಕಾಫಿಗೆ ಬಿಡುವ ಎರಡು ಚಮಚ, ಹಬ್ಬಕ್ಕೊಂದು ಪೇಡ, ಅಷ್ಟೇ ನನ್ನ ಪಾಲು. ಐವತ್ತಕ್ಕೆ ಸಕ್ಕರೆ ಕಾಯಿಲೆ ಬಂದು ಪೇಡ ನಿಂತಿತು, ಬರೀ ಡಿಕಾಕ್ಷನ್ ಕುಡಿಯುವುದು ರೂಢಿಯಾಯಿತು. ಮೊಸರು ಮಜ್ಜಿಗೆಯನ್ನಂತೂ ಬೆಕ್ಕಿನ ಹಟದಲ್ಲಿ ಚಿಕ್ಕಂದಿನಿಂದಲೂ ಮುಟ್ಟಿರಲಿಲ್ಲ. ಮೊಟ್ಟೆ ಮಾಂಸ ನಮ್ಮ ಮನೆಯಲ್ಲಿ ಇಲ್ಲ. 2011ರಲ್ಲಿ ಒಂದು ದಿನ ಮಾರ್ಕೆಟ್ಟಿನಿಂದ ಮನೆಗೆ ಬಂದು ನೋಡಿದರೆ ಎಡಗಾಲಿನಲ್ಲಿ ಚಪ್ಪಲಿ ಇಲ್ಲ. ದಾರಿಯಲ್ಲೆಲ್ಲೋ ಜಾರಿತ್ತು, ಬರಿಗಾಲಿನಲ್ಲಿ ನಡೆದು ಬಂದದ್ದೇ ತಿಳಿದಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಬಿ12 ಜೀವಸತ್ವ 110 ಎಂದು ಬಂತು. 200ಕ್ಕಿಂತ ಕೆಳಗಿಳಿದರೆ ಕೊರತೆ ಎಂದು ಲೆಕ್ಕವಂತೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅರ್ಧ ಗಂಟೆ ಕೂರಿಸಿಕೊಂಡು ಹೇಳಿದಳು. ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಷ್ಟೇ ತಯಾರಿಸುತ್ತವೆ. ನಮಗೆ ಅದು ಬರುವುದು ಹಾಲು, ಮೊಟ್ಟೆ, ಮೀನು, ಮಾಂಸದಿಂದ. ದಿನಕ್ಕೆ ಬೇಕಾದದ್ದು ಎರಡು ಚಿಲ್ಲರೆ ಮೈಕ್ರೋಗ್ರಾಂ, ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಸಸ್ಯಾಹಾರಿಯ ಮನೆಯಲ್ಲಿ ಹಾಲುಮೊಸರೂ ಇಲ್ಲ ಅಂದರೆ ಅದು ಬರುವ ಬಾಗಿಲೇ ಇಲ್ಲ. ದೋಸೆ ಹಿಟ್ಟು ಹುಳಿ ಬರಿಸಿದರೆ ಬರುತ್ತದಲ್ಲವೇ ಅಂದೆ. ಅದನ್ನು ನಂಬಿಕೊಳ್ಳಬೇಡಿ ಅಂದಳು. ನರಗಳು ಸೊರಗಿದ್ದವು. ದಿನ ಬಿಟ್ಟು ದಿನ ಸೂಜಿ, ಆಮೇಲೆ ವಾರಕ್ಕೊಂದು, ಆಮೇಲೆ ಮಾತ್ರೆ. ಕಾಲು ಮುಕ್ಕಾಲು ಪಾಲು ಸರಿಯಾಯಿತು. ಎಡಗಾಲಿನ ಹೆಬ್ಬೆರಳು ಮಾತ್ರ ಇವತ್ತಿಗೂ ನನ್ನದಲ್ಲ.

ಹೊರಡುವಾಗ ಆಕೆ, ‘ಮೊಸರು ಯಾಕೆ ಬಿಟ್ರಿ? ಹೆಪ್ಪು ಹಾಕಿದಾಗ ಹಾಲಿನ ಸಕ್ಕರೆಯಲ್ಲಿ ಒಂದು ಪಾಲು ಹುಳಿಯಾಗಿ ಹೋಗಿರುತ್ತೆ, ನಿಮ್ಮಂಥ ಬಹಳ ಜನಕ್ಕೆ ಒಗ್ಗುತ್ತೆ’ ಅಂದಳು. ಮನೆಗೆ ಬಂದು, ಐವತ್ತಮೂರು ವರ್ಷದ ಮೇಲೆ, ಒಂದು ಬಟ್ಟಲು ಮೊಸರನ್ನ ತಿಂದೆ. ಯಜಮಾನರು ಗಡಿಯಾರ ನೋಡುತ್ತಾ ಎದುರಿಗೆ ಕೂತಿದ್ದರು. ಒಂದು ಗಂಟೆ, ಎರಡು ಗಂಟೆ. ಗುಡುಗಲಿಲ್ಲ. ನಮ್ಮ ಮನೆಯ ನೆಲುವಿನಲ್ಲಿ ಮಣ್ಣಿನ ಗಡಿಗೆ ತುಂಬ ಮೊಸರು ತೂಗುತ್ತಿದ್ದ ಕಾಲದಲ್ಲಿ ಅದನ್ನು ಮೂಸಿಯೂ ನೋಡದೆ, ಈಗ ಪ್ಲಾಸ್ಟಿಕ್ ಕೊಟ್ಟೆಯ ಮೊಸರು ತಿನ್ನುತ್ತಿದ್ದೇನಲ್ಲ ಎಂದು ನಗು ಬಂತು.

ಬೇಕಾದ ಲೆಕ್ಕವೂ ಈ ನಡುವೆ ಬದಲಾಯಿತು. ದೊಡ್ಡವರಿಗೆ ದಿನಕ್ಕೆ 600 ಮಿಲಿಗ್ರಾಂ ಸುಣ್ಣ ಸಾಕು ಅನ್ನುತ್ತಿದ್ದ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಅದನ್ನು 1,000ಕ್ಕೆ ಏರಿಸಿತು. ನನ್ನ ಎರಡು ಮುದ್ದೆಯೂ ಈಗ ಅರ್ಧಕ್ಕೆ ಇಳಿದಿದೆ. ಮುದ್ದೆ ತಿರುವುವ ಕವೆಗೋಲು, ಹಿಟ್ಟಿನ ದೊಣ್ಣೆ ಹಿಡಿಯಲು ಕೈಯಲ್ಲಿ ಕಸುವಿಲ್ಲ, ಕುಕ್ಕರಿನಲ್ಲಿ ಮಾಡುತ್ತೇನೆ. ರಾಗಿಗೆ ಮಾತ್ರ ಅದೃಷ್ಟ ಕುದುರಿತು. ಬಡವರ ಹಿಟ್ಟು ಎಂದು ಮೂಗು ಮುರಿಸಿಕೊಂಡಿದ್ದಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಸರ್ಕಾರಿ ಶಾಲೆಗಳಲ್ಲಿ 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿಗೆ 2024ರಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಬೆರೆಸತೊಡಗಿದರು. ನಮ್ಮ ಮನೆಗೆಲಸದವಳ ಮಗಳನ್ನು, ‘ಹಾಲು ಕುಡೀತೀಯೇನೇ?’ ಎಂದು ಕೇಳಿದೆ. ಆ ಕಡೆ ಈ ಕಡೆ ನೋಡಿ, ‘ಪಕ್ಕದವಳಿಗೆ ಕೊಡ್ತೀನಿ ಅಜ್ಜಿ’ ಅಂದಳು. ಬದಲಿಗೆ ಏನು ಸಿಗುತ್ತೆ ಅಂದೆ. ಪೆನ್ಸಿಲ್ ಚೂರಂತೆ.

ಹೋದ ಯುಗಾದಿಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಹೊಟ್ಟೆಗೆ ಒಗ್ಗುತ್ತದೆ, ಆದರೂ ಪ್ರಾಣಿಗಳಿಗೆ ಹಿಂಸೆಯೆಂದು ಹಾಲು, ಮೊಸರು, ತುಪ್ಪ ಮೂರನ್ನೂ ಬಿಟ್ಟಿದ್ದಾಳೆ. ಅವಳು ತಂದ ಬಾದಾಮಿ ಹಾಲಿನ ಪೆಟ್ಟಿಗೆಗೆ ಲೀಟರಿಗೆ ಮುನ್ನೂರರ ಹತ್ತಿರ. ಕನ್ನಡಕ ಹಾಕಿಕೊಂಡು ಓದಿದೆ. ‘ಹಾಲು’ ಎಂದೇ ಬರೆದಿರಲಿಲ್ಲ, ‘ಪಾನೀಯ’ ಎಂದಿತ್ತು. ಸಸ್ಯದಿಂದ ಮಾಡಿದ್ದಕ್ಕೆ ಹಾಲಿನ ಹೆಸರಿಟ್ಟು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಕಟ್ಟಪ್ಪಣೆ ಮಾಡಿತ್ತಲ್ಲ. ಬಾದಾಮಿ ನೂರಕ್ಕೆ ಐದೂ ಇರಲಿಲ್ಲ, ಉಳಿದದ್ದು ನೀರು. ಸುಣ್ಣ ಬೆರೆಸಿದ್ದರು, ಬಿ12 ಬೆರೆಸಿರಲಿಲ್ಲ. ‘ಬಿ12 ಮಾತ್ರೆ ತಗೋತಿದೀಯಾ?’ ಎಂದು ಕೇಳಿದೆ. ‘ನಾನಿನ್ನೂ ಚಿಕ್ಕೋಳು ಅಜ್ಜಿ, ನಂಗ್ಯಾಕೆ?’ ಅಂದಳು. ಕಾಲು ಚಾಚಿ, ನನ್ನ ಎಡಗಾಲಿನ ಹೆಬ್ಬೆರಳಿಗೆ ಗುಂಡುಪಿನ್ನು ಚುಚ್ಚಿ ನೋಡು ಅಂದೆ. ಚುಚ್ಚಲು ಹೆದರಿದಳು, ನಾನೇ ಚುಚ್ಚಿಕೊಂಡು ತೋರಿಸಿದೆ.

ಹೊರಡುವ ದಿನ ಎರಡು ಕಿಲೋ ಮೊಳಕೆ ರಾಗಿ ಹಿಟ್ಟು, ಹುಚ್ಚೆಳ್ಳು ಪುಡಿ, ಹುರುಳಿಕಾಳು, ನನ್ನ ಮಾತ್ರೆಯ ಒಂದು ಪಟ್ಟಿ ಎಲ್ಲ ಜೋಡಿಸಿ ಚೀಲಕ್ಕೆ ಹಾಕಿದೆ. ಮುದ್ದೆ ನುಂಗಲು ಬರುವುದಿಲ್ಲ, ರಾಗಿ ದೋಸೆ ಮಾಡಿಕೊಳ್ಳುತ್ತೇನೆ ಅಂದಳು. ಅದೂ ಆದೀತು ಅಂದೆ. ರೈಲು ಹೋದ ಮೇಲೆ ಮನೆಗೆ ಬಂದು ನೋಡಿದರೆ ಮಾತ್ರೆಯ ಪಟ್ಟಿ ಊಟದ ಮೇಜಿನ ಮೇಲೇ ಇತ್ತು. ಮರುದಿನ ಕೊರಿಯರ್ ಮಾಡಿದೆ. ಎಂಬತ್ತು ರೂಪಾಯಿ ತಗೊಂಡರು.